ಹಿತ್ತಲ ಬಾಗಿಲಿನ ವಂಶಾವಳಿ

ಬಮ್ಮಿಗಟ್ಟಿಯಲ್ಲಿ ಇನ್ನೂ ಪೂರ್ತಿ ಬೆಳಕು ಹರಿದಿಲ್ಲ. ಊರ ಹೊರಗಿನ ಹುಣಸೆಮರದ ಕೆಳಗೆ ಹೆಳವರ ಭರಮಪ್ಪ ಎತ್ತಿನ ಕೊರಳಿಗೆ ಗಂಟೆ ಕಟ್ಟುತ್ತಿದ್ದಾನೆ. ಅವನ ಹೆಂಡತಿ ದುರ್ಗವ್ವ ಆಗಲೇ ಊರೊಳಗಿದ್ದಾಳೆ. ಹಿತ್ತಲಲ್ಲಿ ಪಾತ್ರೆ ತಿಕ್ಕುತ್ತಿರುವ ಸೊಸೆಯೊಬ್ಬಳ ಪಕ್ಕ ಕುಕ್ಕರಗಾಲಲ್ಲಿ ಕೂತು, ತಾನೂ ಒಂದು ತಂಬಿಗೆಗೆ ಬೂದಿ ಹಚ್ಚುತ್ತ ಕೇಳುತ್ತಾಳೆ: “ಹೋದ ಸುಗ್ಗ್ಯಾಗ ಬಸರಿದ್ದೆಲ್ಲವಾ, ಏನ್ ಹಡದಿ? ಏನ್ ಹೆಸರಿಟ್ರಿ? ನಿಮ್ಮ ನಾದಿನಿನ್ನ ಯಾ ಊರಿಗೆ ಕೊಟ್ರಿ?”

ಸುಗ್ಗಿ ಬಂತೆಂದರೆ ಹೆಳವರು ಎತ್ತಿನ ಜೊತೆ ಊರೂರು ಸುತ್ತುತ್ತಾರೆ. ಹಿರಿಯರಿಂದ ಪಾಲಿಗೆ ಬಂದ ಮನೆತನಗಳ ಅಂಗಳದಲ್ಲಿ ನಿಂತು, ಮೂಲಪುರುಷನಿಂದ ಹಿಡಿದು ತೊಟ್ಟಿಲ ಕೂಸಿನವರೆಗೆ ಇಡೀ ವಂಶವನ್ನು ರಾಗವಾಗಿ ಹೇಳುತ್ತಾರೆ. ಹೇಳುವವನು ಗಂಡಸು. ಹೇಳುವುದೂ ಗಂಡಸರ ಹೆಸರುಗಳನ್ನೇ. ಆದರೆ ವರ್ಷದೊಳಗೆ ಹುಟ್ಟಿದವರು, ಸತ್ತವರು, ಮನೆ ಬೇರೆಯಾದವರು ಯಾರು ಎಂಬುದನ್ನು ಹಿತ್ತಲಿಂದ ಹಿತ್ತಲಿಗೆ ತಿರುಗಿ ಕಲೆಹಾಕುವವಳು ದುರ್ಗವ್ವ. ಬೆಳಗಿನ ರೊಟ್ಟಿಯ ಹೊತ್ತಿಗೆ ಅವನ್ನೆಲ್ಲ ಗಂಡನ ಕಿವಿಗೆ ಹಾಕುತ್ತಾಳೆ. ಆಮೇಲೆ ಭರಮಪ್ಪ ರುಮಾಲು ಸುತ್ತಿಕೊಂಡು ಅಂಗಳಕ್ಕೆ ನಡೆಯುತ್ತಾನೆ. ಆಕೆ ಎತ್ತಿನ ಹಗ್ಗ ಹಿಡಿದು ಓಣಿಯಲ್ಲಿ ನಿಲ್ಲುತ್ತಾಳೆ.

“ನಾ ತಂದಿದ್ದ ಹೆಸರು ಅವರ ಬಾಯಾಗ ಬಂದಕೂಡ್ಲೆ ಮಂದಿ ಅಹಾ ಅಂತಾರ್ರಿ,” ಎನ್ನುತ್ತಾಳೆ ದುರ್ಗವ್ವ. “ಹೊಟ್ಟಿ ಉರೀತದ. ಸುಳ್ಳ್ಯಾಕ ಹೇಳ್ಲಿ? ಕಟಗೊಂಡ ಗಂಡನ ಮ್ಯಾಲೇ ಉರೀತದ.”

ಈ ಉರಿ ಹೊಸದಲ್ಲ. ಮದುವೆಯಾಗಿ ಬಂದಾಗ ಆಕೆಗೂ ಒಳ್ಳೆಯ ಕಂಠವಿತ್ತು. ಕುಟ್ಟುವಾಗ ಬೀಸುವಾಗ ಹಾಡಿದರೆ ಓಣಿಯ ಹೆಂಗಸರು ಬಂದು ಕೂರುತ್ತಿದ್ದರು. ಅಂಗಳದಲ್ಲಿ ಮಾತ್ರ ಬಾಯಿ ತೆರೆಯಬಾರದೆಂದು ಅತ್ತೆ ಮೊದಲ ದಿನವೇ ಹೇಳಿಬಿಟ್ಟಿದ್ದಳು. ನಾಲ್ಕು ವರ್ಷದ ಹಿಂದೆ ರೇಡಿಯೋದವರು ಇವರು ಬೀಡುಬಿಟ್ಟಿದ್ದ ಗುಡಗೇರಿಗೆ ಬಂದು ಭರಮಪ್ಪನ ದನಿ ಹಿಡಿದುಕೊಂಡು ಹೋದರು. ಅದು ಬಿತ್ತರವಾದ ದಿನ ಚಹಾದಂಗಡಿಯ ಮುಂದೆ ಊರೇ ನೆರೆದಿತ್ತು. ದುರ್ಗವ್ವ ತಲೆನೋವೆಂದು ಹೇಳಿ ಗುಡಿಸಲಲ್ಲಿ ಮುಸುಕೆಳೆದು ಮಲಗಿದ್ದಳು.

ಒಳಗೇ ಅದುಮಿಟ್ಟಿದ್ದ ಈ ಉರಿ ಹೊರಬಿದ್ದದ್ದು ಕಳೆದ ಸುಗ್ಗಿಯಲ್ಲಿ, ಇದೇ ಬಮ್ಮಿಗಟ್ಟಿಯ ಈರಬಸಪ್ಪನವರ ಅಂಗಳದಲ್ಲಿ. ಅಂದು ಅವರ ಮಗಳ ನಿಶ್ಚಯ. ದೇವಿಕೊಪ್ಪದಿಂದ ಗಂಡಿನ ಕಡೆಯವರು ಬಂದಿದ್ದರು. ಹುಡುಗನ ತಾಯಿ ಸುಶೀಲವ್ವ ಪಡಸಾಲೆಯಲ್ಲಿ ಕೂತಿದ್ದರು. ಭರಮಪ್ಪ ಎರಡೂ ಮನೆತನ ಹೇಳಿ ಮುಗಿಸಿದ. ಈರಬಸಪ್ಪ ಕೇಳಿದರು: “ಎರಡೂ ಮನಿತನ ಬಲ್ಲಾಂವ ನೀನು. ಏನರ ಅಡ್ಡಿ ಐತೇನಪಾ?”

“ಬೆಡಗ-ಗೋತ್ರ ಬ್ಯಾರೆ ಬ್ಯಾರೆ ಅದಾವ್ರಿ ಧಣಿ. ಏನೂ ಅಡ್ಡಿ ಇಲ್ರಿ.”

ಈರಬಸಪ್ಪ ಸಂತೋಷದಿಂದ ಅವನಿಗೆ ಹೊಸ ಶಾಲು ಹೊದಿಸಿದರು. ಓಣಿಯಲ್ಲಿದ್ದ ದುರ್ಗವ್ವ ಹಗ್ಗ ಬಿಟ್ಟು ಅಂಗಳದ ನಡುವಿಗೆ ಬಂದಳು.

“ಅಡ್ಡಿ ಐತ್ರಿ! ಹುಡುಗ ಹುಡುಗಿ ಅಣ್ಣ-ತಂಗಿ ಆಗಬೇಕು. ಇಬ್ಬರ ತಾಯಿ ಕಡೆ ಅಜ್ಜಿಗೋಳು ಒಡಹುಟ್ಟಿದ ಅಕ್ಕ-ತಂಗೇರು. ಸುಶೀಲವ್ವಾರ ಹಡದವ್ವ ನೀಲಕ್ಕ, ಗಂಡ ಸತ್ತ ಮ್ಯಾಲ ಗುಡಗೇರಿಗೆ ಉಡಿಕಿ ಆಗಿ ಬಂದಾಕಿ. ತವರವರು ಅವತ್ತs ಆಕಿನ್ನ ಬಿಟ್ಟುಬಿಟ್ರು.”

ಭರಮಪ್ಪನ ಮುಖ ಕಪ್ಪಿಟ್ಟಿತು. ಅದನ್ನು ನೋಡಿ ದುರ್ಗವ್ವನಿಗೆ ಒಳಗೆಲ್ಲ ತಣ್ಣಗಾಯಿತು. ಆದರೆ ಮರುಗಳಿಗೆಯೇ ಆಕೆಯ ಕಣ್ಣು ಸುಶೀಲವ್ವನ ಮೇಲೆ ಬಿತ್ತು. ತಾಯಿಯ ಮರುಮದುವೆಯ ಸುದ್ದಿ ಹತ್ತು ಜನರ ನಡುವೆ ಹೀಗೆ ಬಿದ್ದದ್ದಕ್ಕೆ ಅವರು ಸೆರಗಿನಲ್ಲಿ ಮುಖ ಮುಚ್ಚಿಕೊಂಡಿದ್ದರು.

“ಮಹಾದೇವಕ್ಕಾರನ್ನ ಒಳಗ ಕರದು ಕಿವ್ಯಾಗ ಹೇಳಬಹುದಾಗಿತ್ರಿ,” ಎಂದು ದುರ್ಗವ್ವ ಈಗ ದನಿ ಇಳಿಸುತ್ತಾಳೆ. “ಆದ್ರ ಅವತ್ತ ನನಗ ಅಂಗಳ ಬೇಕಾಗಿತ್ತು.”

ಮಹಾದೇವಕ್ಕ ಹುಡುಗಿಯ ತಾಯಿ. ಅಂದು ಆ ಮಾತು ಕೇಳಿ ಅಡುಗೆಮನೆಯಿಂದ ಹಿಟ್ಟಿನ ಕೈಯಲ್ಲೇ ಬಂದು ಸುಶೀಲವ್ವನ ಎದುರು ನಿಂತರು. “ನೀ ನೀಲಕ್ಕನ ಮಗಳಾ? ನಮ್ಮವ್ವ ಜೀವ ಬಿಡೂ ಹೊತ್ತಿನ್ಯಾಗೂ ಅಕ್ಕಾ ಅಕ್ಕಾ ಅಂತಿದ್ಲು. ತವರಾಗ ಆ ಹೆಸರು ಎತ್ತಗೊಡತಿದ್ದಿಲ್ಲ.”

ದುರ್ಗವ್ವನಿಗೆ ಅಳು ಬಂತು. “ನೀಲಕ್ಕನೂ ಹಂಗs ಇದ್ಲರೀ ಯವ್ವಾ. ಗುಡಗೇರ್‍ಯಾಗ ನನಗ ಜ್ವಾಳ ನೀಡೂ ಮುಂದ ದರವರ್ಷ ಕೇಳತಿದ್ಲು, ನನ್ನ ತಂಗಿ ಹ್ಯಾಂಗದಾಳು ಅಂತ.”

ಮಹಾದೇವಕ್ಕ ಸುಶೀಲವ್ವನ ಕೈ ಹಿಡಿದು ಒಳಗೆ ಕರೆದೊಯ್ದರು. ಸಂಬಂಧ ಅಲ್ಲಿಗೇ ನಿಂತಿತು. ಆದರೆ ಬೀಗರಾಗಲು ಬಂದವರು ಬಂಧುಗಳಾಗಿ ಕೂತು ಹೋಳಿಗೆ ಉಂಡರು. ಹುಡುಗಿಗೆ ಈ ವರ್ಷ ಬೇರೆ ಕಡೆ ಮದುವೆಯಾಯಿತು. ಅಣ್ಣನ ಜಾಗದಲ್ಲಿ ನಿಂತವನು ಆ ದೇವಿಕೊಪ್ಪದ ಹುಡುಗನೇ.

ಭರಮಪ್ಪ ಮಾತ್ರ ಆ ಸುಗ್ಗಿ ಮುಗಿಯುವವರೆಗೆ ಹೆಂಡತಿಯೊಡನೆ ಮಾತಾಡಲಿಲ್ಲ. ಅಷ್ಟರಲ್ಲಿ ಸುದ್ದಿ ಹಬ್ಬಿತ್ತು. ಈಗ ಅವನು ರಾಗ ಎತ್ತುವ ಮೊದಲೇ ಒಳಗಿನಿಂದ ಹೆಂಗಸರು ಕೂಗುತ್ತಾರೆ: “ದುರ್ಗವ್ವನ್ನ ಕರೀರಿ. ನಮ್ಮ ತವರಿಂದೂ ಹೇಳ್ಲಿ.” ಆಕೆ ಪಡಸಾಲೆಯಲ್ಲಿ ಕೂತು ಅಜ್ಜಿ, ಮುತ್ತಜ್ಜಿ, ಕೊಟ್ಟ ಮನೆ, ತಂದ ಮನೆ ಎಲ್ಲ ಹೇಳುತ್ತಾಳೆ. ಕೇಳುತ್ತ ಕೇಳುತ್ತ ಮುದುಕಿಯರು ಕಣ್ಣೊರೆಸಿಕೊಳ್ಳುತ್ತಾರೆ. ಓಣಿಯಲ್ಲಿ ಎತ್ತು ಹಿಡಿದು ನಿಂತ ಭರಮಪ್ಪ ಸುಮ್ಮಸುಮ್ಮನೆ ಅದನ್ನು ಬೈಯುತ್ತಾನೆ.

“ಹೆಂಗಸರ ಹೆಸರ ಹೇಳಾಕ ಏನ್ ರಾಗ ಬೇಕ್ರಿ? ಯಾರ್ ಬೇಕಾದವರು ಹೇಳ್ತಾರ,” ಎಂದು ಗೊಣಗುತ್ತಾನೆ. ಆದರೂ ಮುಂದಿನ ಊರಿನ ದಾರಿ ಹಿಡಿದಾಗ, ಎತ್ತಿನ ಬೆನ್ನು ಸವರುತ್ತ, ಬೇರೆ ಕಡೆ ನೋಡುತ್ತ ಹೆಂಡತಿಯನ್ನು ಕೇಳುತ್ತಾನೆ: “ಏ ದುರ್ಗೀ, ಅಲ್ಲಿ ನಡುಮನಿಯವರ ಅಜ್ಜಿ ತವರು ಯಾವುದು?”

ದುರ್ಗವ್ವ ಹೇಳುತ್ತಾಳೆ. ಆ ಅಜ್ಜಿಯ ತಾಯಿಯ ತವರನ್ನೂ ಕೇಳಿದರೆ, ಮರೆತಿದೆ ಎನ್ನುತ್ತಾಳೆ.

ಗಂಡ ನಾಲ್ಕು ಹೆಜ್ಜೆ ಮುಂದೆ ಹೋದ ಮೇಲೆ ಸೆರಗು ಬಾಯಿಗಿಟ್ಟು ನಗುತ್ತಾಳೆ. “ಎಲ್ಲಿ ಮರೀತೀನ್ರಿ? ಎಲ್ಲಾ ಹೇಳಿಬಿಟ್ರ, ನನ್ನ ಒಳಗ ಯಾರ್ ಕರೀತಾರು?”