ಎರಡು ಮದುವೆಗಳ ನಡುವಿನ ಸಂಬಂಧ

ವನಿತಾ ಮೊದಲ ಸಲ ಬಂದದ್ದು ಶ್ರಾವಣದ ಒಂದು ಮುಂಜಾನೆ. ಬೆಟಗೇರಿಯ ನೂಲಿನ ಅಂಗಡಿಯ ಮೇಲಿನ ಆ ಆಫೀಸಿಗೆ ಎಲ್ಲರೂ ಚಪ್ಪಲಿ ಮೆಟ್ಟಿಕೊಂಡೇ ಬರುತ್ತಿದ್ದರು. ಅವಳು ಮಾತ್ರ ಚಪ್ಪಲಿಯನ್ನು ಬಾಗಿಲ ಹೊರಗೆ ಬಿಟ್ಟು, ಸೀರೆ ಅಂಗಡಿಯ ಕೈಚೀಲವನ್ನು ಎದೆಗವಚಿಕೊಂಡು ನಿಂತಳು. ಚೀಲದಲ್ಲಿ ಬಿ.ಎ. ಅಂಕಪಟ್ಟಿ. ಕಾಲುಂಗುರಗಳ ಹೊಳಪು ಇನ್ನೂ ಮಾಸಿರಲಿಲ್ಲ. ಅಂಕಿತಾಳಿಗೆ ಇದೆಲ್ಲ ಇಂದಿಗೂ ಕಣ್ಣಿಗೆ ಕಟ್ಟಿದಂತಿದೆ.

ಅಂಕಿತಾ ಕೋಟುಮಚಗಿಯ ಒಕ್ಕಲುತನದ ಮನೆಯವಳು. ಆ ಮನೆಯಲ್ಲಿ ಕಾಲೇಜಿನ ಮುಖ ಕಂಡವರಲ್ಲಿ ಮೊದಲಿಗಳು. ಆಫೀಸಿನ ಕೆಲಸವನ್ನು ಅವಳೇ ನೋಡಿಕೊಳ್ಳುತ್ತಿದ್ದಳು. ಕನ್ನಡದಲ್ಲಿ ಕೇಳಿದ ಪ್ರಶ್ನೆಗೆ ಕಂಪ್ಯೂಟರು ಅರಿತು ಉತ್ತರಿಸಬೇಕಾದರೆ, ಲೋಕದ ವಸ್ತುಗಳನ್ನು ವರ್ಗಗಳಾಗಿ ಮಾಡಿ, ಒಂದು ವರ್ಗಕ್ಕೂ ಇನ್ನೊಂದಕ್ಕೂ ಏನು ಸಂಬಂಧವೆಂದು ಅದಕ್ಕೆ ಹೇಳಿಕೊಡಬೇಕು; ಅಲ್ಲಿಯ ಕೆಲಸ ಅದೇ. ಇದು ಅದರ ಒಂದು ಬಗೆಯೋ? ಅದರ ಭಾಗವೋ? ಅದು ಹೋದರೆ ಇದೂ ಇಲ್ಲವಾಗುವಂಥ ಅವಲಂಬನೆಯೋ?

“ಮನಿ, ಹೊಸ್ತಿಲಾ. ಏನ ಸಂಬಂಧ ಹೇಳ ನೋಡೂಣು?” ಅಂಕಿತಾ ಪರೀಕ್ಷೆಗೆಂದು ಕೇಳಿದಳು.

“ಭಾಗ ಹೌದ್ರಿ, ಅವಲಂಬನಾನೂ ಹೌದ್ರಿ. ಮನಿ ಬಿದ್ರ ಕಟಗಿ ಉಳೀತೈತಿ. ಆದ್ರ ಅದನ್ನ ಯಾರೂ ಹೊಸ್ತಿಲಾ ಅನ್ನಂಗಿಲ್ಲ.”

ಅಂದೇ ಕೆಲಸ ಸಿಕ್ಕಿತು. ಬಾಜೂ ಕುರ್ಚಿಯ ನಂದೀಶ ಚೇಷ್ಟೆ ಮಾಡಿದ: “ವನಿತಕ್ಕಾ, ನಾ ಈ ಆಫೀಸಿನ ಭಾಗ ಏನು?”

“ಭಾಗ ಎಲ್ಲಿದೋ ಮಾರಾಯಾ! ಚಾ ಬಂದ್ರ ಇರ್ತಿ, ಚಾ ಮುಗದ್ರ ಇರಂಗಿಲ್ಲ. ನೀ ಪೂರ್ತಿ ಅವಲಂಬನ.”

ರೊಟ್ಟಿ ಹಂಚಿಕೊಂಡು ಉಣ್ಣುವ ಸಲಿಗೆ ಬೆಳೆದ ಮೇಲೆ ಅವಳ ಸಂಗತಿ ಹೊರಬಿತ್ತು. ಅವಳ ತವರು ಲಕ್ಷ್ಮೇಶ್ವರ. ಅವಳನ್ನು ಮುಂಡರಗಿಯ ವೀರೇಶನಿಗೆ ಕೊಟ್ಟು, ವೀರೇಶನ ತಂಗಿ ಸ್ನೇಹಾಳನ್ನು ಅವಳ ಅಣ್ಣ ಸೋಮೇಶನಿಗೆ ತಂದುಕೊಂಡಿದ್ದರು. ಅದಲಿ-ಬದಲಿ ಮದುವೆ, ಒಂದೇ ಹಂದರ, ಒಂದೇ ಸಲ ಅಕ್ಕಿಕಾಳು. ವರ್ಷ ತುಂಬುವುದರೊಳಗೆ ಸೋಮೇಶ ಹೆಂಡತಿಯ ಕೈ ಮುರಿಯುವಂತೆ ಹೊಡೆದ. ಸ್ನೇಹಾ ತವರಿಗೆ ಬಂದವಳು ಮತ್ತೆ ಹೋಗಲಿಲ್ಲ. “ನಿಮ್ಮ ಮಗಳು ನಮ್ಮನ್ಯಾಗ ಇರಂಗಿಲ್ಲಂದ್ರ, ನಮ್ಮ ಮಗಳೂ ನಿಮ್ಮನ್ಯಾಗ ಬ್ಯಾಡ” ಎಂದು ವನಿತಾಳ ಅಪ್ಪ ಉಳವಪ್ಪ ಅವಳನ್ನು ಕರೆದೊಯ್ದ. ವೀರೇಶನಿಗೂ ಅವಳಿಗೂ ನಡುವೆ ಒಂದು ಒರಟು ಮಾತೂ ಆಗಿರಲಿಲ್ಲ. ಆ ಅಣ್ಣನ ಎದುರು ಕೂತು ಉಣ್ಣಲಾಗದೆ ಅವಳು ಬೆಟಗೇರಿಯಲ್ಲಿ ಕೋಣೆ ಹಿಡಿದಳು. ಮೆಟ್ಟಿಲ ಮೇಲೆ ಗಂಡಸಿನ ಹೆಜ್ಜೆ ಕೇಳಿದರೆ ಸಾಕು, ವೀರೇಶನೇನೋ ಎಂದು ಅವಳ ಕೈ ನಿಲ್ಲುತ್ತಿತ್ತು.

ದೀಪಾವಳಿ ಹತ್ತಿರವಾದಾಗ ವೀರೇಶ ಬಂದೇ ಬಂದ. ಬಾಗಿಲಲ್ಲೇ ನಿಂತು ಮಾತಾಡಿದ; ಅಂಕಿತಾಳಿಗೆ ಎಲ್ಲ ಕೇಳಿಸುತ್ತಿತ್ತು.

“ಹಿರ್ಯಾರು ಕುಂತು ಮಾತಾಡ್ಯಾರ. ಸ್ನೇಹಾನ್ನ ಕಳಸ್ತೇವಿ. ನೀ ಬಾ.”

“ಅಕಿ ಹೋಗತೇನಿ ಅಂದಾಳೇನ್ರಿ?”

“ಒಪ್ಪಿಸೇವಿ.”

“ಅಕಿ ಬಂದಾಗ ತುತ್ತು ಮಾಡಿ ಉಣಿಸಿದಾಕಿ ನಾನು. ಆ ಕೈ ನೋಡೇನಿ.” ವನಿತಾ ಧ್ವನಿ ತಗ್ಗಿಸಿದಳು. “ಅಕಿ ನಿಮ್ಮನ್ಯಾಗೇ ಇರಲಿ. ನನ್ನ ಕರಕೊಂಡು ನಡೀರಿ, ಉಟ್ಟ ಸೀರಿ ಮ್ಯಾಲೆ ಈಗ ಬರತೇನಿ.”

ವೀರೇಶ ನೆಲ ನೋಡಿದ. “ನಿಮ್ಮಪ್ಪನೂ ಬಿಡಂಗಿಲ್ಲ, ನಮ್ಮಪ್ಪನೂ ಒಪ್ಪಂಗಿಲ್ಲ. ಆಗೂದಿದ್ರ ಎರಡೂ ಕೂಡೇ ಆಗಬೇಕಂತ.”

“ಹಂಗಾರ ಅಕಿನ್ನ ಕಳಸಬ್ಯಾಡ್ರಿ.”

ಅವನು ಇಳಿದು ಹೋದ. ಅವಳು ಕುರ್ಚಿಗೆ ಮರಳಿದಳು.

ಆ ವಾರ ಅವಳ ಪಾಲಿಗೆ ಬಂದಿದ್ದ ವಿಷಯ ಮದುವೆಯದೇ. ತೆರೆಯ ಮೇಲೆ ಅದಲಿ-ಬದಲಿ ಮದುವೆಯ ವರ್ಗವಿತ್ತು: ಅದರೊಳಗಿನ ಎರಡು ಮದುವೆಗಳಿಗೆ ಪರಸ್ಪರ ಏನು ಸಂಬಂಧ?

“ಅದನ್ನ ನನಗ ಬಿಡವಾ” ಎಂದಳು ಅಂಕಿತಾ.

ವನಿತಾ ಬಿಡಲಿಲ್ಲ. ‘ಅವಲಂಬನೆ ಇಲ್ಲ’ ಎಂದು ಗುರುತಿಸಿದಳು.

“ನಮ್ಮ ಕಡೆ ಒಂದು ಮುರದ್ರ ಇನ್ನೊಂದೂ ಮುರೀತೈತೆಲ್ಲ?”

“ತಾನಾಗಿ ಮುರಿಯಂಗಿಲ್ರೀ ಅಕ್ಕಾರ. ಯಾರರೆ ಕುಂತು ಮುರೀಬೇಕು.”

ನಂದೀಶ ಎದ್ದು ಚಾ ತರಲು ಹೋದ. ಅಂಕಿತಾ ಅವಳ ಗುರುತನ್ನು ಬದಲಿಸಲಿಲ್ಲ.

ಸ್ನೇಹಾ ಗಂಡನ ಮನೆಗೆ ಹೋಗಲಿಲ್ಲ; ವನಿತಾಳೇ ಬರುವುದಿಲ್ಲವೆಂದ ಮೇಲೆ ಅವಳನ್ನು ಕಳಿಸಿ ಫಲವಿರಲಿಲ್ಲ. ಬೇಸಿಗೆಗೆ ವೀರೇಶನಿಗೆ ಬೇರೆ ಕಡೆ ಹೆಣ್ಣು ನೋಡುತ್ತಿರುವ ಖಬರ ಬಂತು.

ವನಿತಾ ಈಗಲೂ ಬೆಟಗೇರಿಯ ಆ ಕೋಣೆಯಲ್ಲೇ ಇದ್ದಾಳೆ. ಕಾಲುಂಗುರ ತೆಗೆದಿಲ್ಲ. ದಿನವೂ ಆಫೀಸಿಗೆ ಬಂದು ಬೀಜ, ಬೆಳೆ, ಮಣ್ಣುಗಳ ಸಂಬಂಧ ಗುರುತಿಸುತ್ತಾಳೆ.