ಮೂಗಪ್ಪನ ಬೋಗುಣಿ

ನಮ್ಮ ಚಿಕ್ಕಪ್ಪನ ಬದುಕೆಲ್ಲ ವಿಸ್ಕಿಯ ನಡುವೆಯೇ ಕಳೆಯಿತು, ಆದರೆ ಕೆಲಸದ ಕೋಣೆಯಲ್ಲಿ ಒಂದು ಹನಿಯೂ ಅವನ ಗಂಟಲಿಗೆ ಇಳಿದಿರಲಿಲ್ಲ. ಚಿಕ್ಕಮ್ಮ ಹೀಗೆಂದರೆ ನೆಂಟರೆಲ್ಲ ಗೊಳ್ಳೆಂದು ನಗುತ್ತಿದ್ದರು. ನಿಜ ಅದೇ. ಕಾರ್ಖಾನೆಯಲ್ಲಿ ರುಚಿ ನೋಡುವವನು ಮೂಸಬೇಕು, ಬಾಯಲ್ಲಿ ಆಡಿಸಬೇಕು, ಬೋಗುಣಿಗೆ ಉಗುಳಬೇಕು. ನುಂಗಿದವನು ಆ ದಿನ ತೀರ್ಪು ಹೇಳುವಂತಿಲ್ಲ. ಈ ಕಟ್ಟಳೆ ಮಾಡಿದವನೂ ಅವನೇ.

ಅಲ್ಲಿ ಎಲ್ಲರೂ ಅವನನ್ನು ಮೂಗಪ್ಪ ಎನ್ನುತ್ತಿದ್ದರು. ಅವನ ಕೈಕೆಳಗೆ ಕೆಲಸ ಕಲಿತವಳು ನಾನು. ಅಣ್ಣನ ಮಗಳೆಂದು ರಿಯಾಯಿತಿ ಏನೂ ಇರಲಿಲ್ಲ. ಘಮಘಮ ಸೋಪು ಹಚ್ಚಿ ಸ್ನಾನ ಮಾಡಿ ಬಂದ ದಿನ ಮುಲಾಜಿಲ್ಲದೆ ಮನೆಗೆ ಅಟ್ಟಿದ್ದ. ಸೆಂಟು ಎಂದರಂತೂ ಅವನಿಗೆ ಮೈಯೆಲ್ಲ ಉರಿ.

ಆ ವರ್ಷ ಹನ್ನೆರಡು ವರ್ಷ ಮಾಗಿದ ಸಿಂಗಲ್ ಮಾಲ್ಟ್ ವಿಸ್ಕಿಯನ್ನು ಅವನು ಹಟ ಹಿಡಿದು ಕೆಂಪು ವೈನಿನ ಹಳೆಯ ಪೀಪಾಯಿಗಳಿಗೆ ಹಾಕಿಸಿದ್ದ. ಅದರಲ್ಲಿ ಕೆಲವು ತಿಂಗಳಿದ್ದರೆ ವಿಸ್ಕಿಗೆ ಬಣ್ಣ ಏರುತ್ತದೆ, ಹಣ್ಣಿನ ಸಿಹಿ ಹತ್ತುತ್ತದೆ. ಹೆಚ್ಚು ಬಿಟ್ಟರೆ ವೈನೇ ಮೇಲುಗೈಯಾಗಿ ಅಷ್ಟು ವರ್ಷದ ಕಷ್ಟ ನೀರುಪಾಲು. ಯಾವತ್ತು ತೆಗೆಯಬೇಕೆಂದು ಹೇಳಬೇಕಾದವನು ಚಿಕ್ಕಪ್ಪ.

ನಡುವೆ ಅವನಿಗೆ ಕೆಟ್ಟ ನೆಗಡಿ ಹಿಡಿದಿತ್ತು. "ವಾಸಿಯಾಯ್ತು ಬಿಡೇ" ಅಂದಿದ್ದ. ನಾನೂ ನಂಬಿದ್ದೆ.

ರುಚಿ ನೋಡುವ ದಿನ ಕೋಣೆಗೆ ಮ್ಯಾನೇಜರಿಗಿಂತ ಮೊದಲು ಅವರ ಸೆಂಟು ಬಂತು. ಈಗ ಇವರಿಗೆ ಗ್ರಹಚಾರ ಬಿಡಿಸುತ್ತಾನೆ ಎಂದು ನಾನು ನಗು ತಡೆದುಕೊಂಡು ಕೂತೆ. ಚಿಕ್ಕಪ್ಪ ಎದ್ದು ಕುರ್ಚಿ ಎಳೆದು, "ಬನ್ನಿ ಸಾರ್, ಕೂತ್ಕೊಳ್ಳಿ" ಅಂದ.

ಸೆಂಟಿನ ಮಾತೇ ಎತ್ತಲಿಲ್ಲ.

ಅವನು ಗ್ಲಾಸಿಗೆ ಪೀಪಾಯಿಯ ವಿಸ್ಕಿ ಸುರಿದು, ಪರಿಮಳ ಬಿಚ್ಚಲೆಂದು ಎರಡು ಹನಿ ನೀರು ಬಿಟ್ಟ. ಮೂಸಿದ, ಬಾಯಲ್ಲಿ ಆಡಿಸಿ ಉಗುಳಿದ, ಮತ್ತೆ ಮೂಸಿದ.

"ಏನ್ ಮಾಡೋಣ? ಇನ್ನೊಂದಿಷ್ಟು ದಿನ ಬಿಡೋಣ್ವಾ?" ಮ್ಯಾನೇಜರು ಕೇಳಿದರು.

ಹ್ಞೂಂ ಅಂದುಬಿಟ್ಟಿದ್ದರೆ ಯಾರೂ ಎದುರಾಡುತ್ತಿರಲಿಲ್ಲ. ಅವನು ಅನ್ನಲಿಲ್ಲ. ಗ್ಲಾಸನ್ನು ಮತ್ತೊಮ್ಮೆ ಮೂಗಿಗೆ ಹಿಡಿದ. ನನಗೆ ಸಿಟ್ಟೂ ಬಂತು, ಅಳುವೂ ಬಂತು.

"ಸಾರ್, ನೀವು ಸೆಂಟು ಹಾಕಿದ್ದೀರ. ಸ್ವಲ್ಪ ಹೊತ್ತು ಆಚೆ ಇರ್ತೀರಾ?" ಅಂದೆ. ಅವರು ನಾಲಿಗೆ ಕಚ್ಚಿಕೊಂಡು ಹೊರಗೆ ಹೋದರು. ನಾನು ಕಿಟಕಿ ತೆರೆದೆ.

ಚಿಕ್ಕಪ್ಪ ಬಾಗಿಲನ್ನೇ ನೋಡುತ್ತಿದ್ದ. "ಜಾಸ್ತಿ ಹಾಕಿದ್ರಾ?"

"ತುಂಬಾ, ಚಿಕ್ಕಪ್ಪ."

"ನಂಗೆ ಗೊತ್ತೇ ಆಗ್ಲಿಲ್ಲ ಕಣೇ. ನೆಗಡಿ ಹೋಗ್ತಾ ಮೂಗನ್ನೂ ಕರ್ಕೊಂಡೇ ಹೋಯ್ತು. ಇವತ್ತು ಬರುತ್ತೆ, ನಾಳೆ ಬರುತ್ತೆ ಅಂತ ಕಾಯ್ತಾ ಇದ್ದೆ." ಇನ್ನೊಂದು ಗ್ಲಾಸಿಗೆ ಸುರಿದು ನನ್ನ ಮುಂದಿಟ್ಟ. "ನೀನು ಹೇಳು. ನನ್ನ ಮುಖ ನೋಡ್ಬೇಡ."

ಗಾಳಿ ತಿಳಿಯಾಗುವವರೆಗೆ ಕಾದು ಮೂಸಿದೆ. ಮೊದಲು ಒಣದ್ರಾಕ್ಷಿ, ಕೆಳಗೆ ಜೇನು, ಹುರಿದ ಬಾರ್ಲಿ. ಬಾಯಿಗೆ ಹಾಕಿಕೊಂಡಾಗ ಕೊನೆಯಲ್ಲಿ ನಾಲಿಗೆಯ ಅಂಚಿಗೆ ಸಣ್ಣ ಒಗರು ತಾಗಿತು. ಉಗುಳಿದೆ.

"ಇವತ್ತೇ ತೆಗೀಬೇಕು. ವೈನಿನ ಒಗರು ಶುರುವಾಗ್ತಿದೆ."

"ಗಟ್ಟಿಯಾಗಿ ಹೇಳು. ಆಚೆ ಇರೋರಿಗೂ ಕೇಳ್ಲಿ."

ಗಟ್ಟಿಯಾಗಿ ಹೇಳಿದೆ.

ಚಿಕ್ಕಪ್ಪ ತನ್ನ ಗ್ಲಾಸಿನಲ್ಲಿ ಉಳಿದದ್ದನ್ನು ಬಾಯಿಗೆ ಹಾಕಿಕೊಂಡ. ಅಭ್ಯಾಸಬಲದಿಂದ ನಾನು ಬೋಗುಣಿಯನ್ನು ಅವನತ್ತ ಸರಿಸಿದೆ. ಅವನು ಅದನ್ನು ನನ್ನ ಕಡೆಗೇ ತಳ್ಳಿ, ನಿಧಾನವಾಗಿ ನುಂಗಿದ.