ಮೂರನೆಯ ಪ್ರತಿ

ಟಕ್ — ಆಮೇಲೆ ನಿದ್ದೆಯಲ್ಲಿ ಯಾರೋ ಹಲ್ಲು ಕಡಿದ ಹಾಗೆ ಸಣ್ಣದೊಂದು ಕಿರ್ರ್ — ಆಮೇಲೆ ಒಂದೇ ಸಮನೆ ಗುಂಯ್ ಎನ್ನುವ ದನಿ. ವೈರು ಚುಚ್ಚಿದಾಗ ಹಾರ್ಡ್ ಡಿಸ್ಕ್ ಎಚ್ಚರವಾಗುವ ಸದ್ದು ಅದು. ಆ ಸದ್ದು ಕೇಳುತ್ತ ಕೂತು, ಪೂರ್ತಿ ಬುದ್ಧಿ ನೆಟ್ಟಗಿರುವಾಗ, ನನ್ನ ಮಗ ಮತ್ತು ಅವನು ಪ್ರೀತಿಸಿದ ಹುಡುಗಿ ಜೊತೆಗಿದ್ದ ಫೋಟೋಗಳನ್ನೆಲ್ಲ ಅಳಿಸಿದವಳು ನಾನು. ಒಂದು ಸಲವಲ್ಲ, ಮೂರು ಸಲ. ಆ ಹುಡುಗಿ ಬಂದು ಕೇಳಿದಾಗ ಅಂಥದ್ದೇನೂ ಇರಲಿಲ್ಲ ಅಂದೆ. ಇತ್ತು. ಅವಳು ಕೇಳಿದ ಆ ಗಳಿಗೆಯಲ್ಲೂ ಒಂದು ಕಡೆ ಇತ್ತು.

ನನ್ನ ಮಗ ನವೀನ ಹೊಸೂರಿನ ಒಂದು ಮೋಟಾರ್ ಫ್ಯಾಕ್ಟರಿಯಲ್ಲಿದ್ದ, ಕ್ವಾಲಿಟಿ ಸೆಕ್ಷನ್. ಮನೆಯಲ್ಲೂ ಅದೇ ಬುದ್ಧಿ. ಅವನಪ್ಪ ತೀರಿಕೊಂಡ ವರ್ಷ ಕಂಪ್ಯೂಟರ್ ಕೆಟ್ಟು, ಅಪ್ಪನ ಫೋಟೋಗಳು ಎಷ್ಟೋ ಹೋದವು. ಆವತ್ತಿನಿಂದ ಮನೆಗೊಂದು ನಿಯಮ ಮಾಡಿದ: ಎಲ್ಲದಕ್ಕೂ ಮೂರು ಪ್ರತಿ. ಒಂದು ಕಂಪ್ಯೂಟರಿನಲ್ಲಿ. ಒಂದು, ನನ್ನ ಬೀರುವಿನ ರೇಷ್ಮೆ ಸೀರೆಗಳ ಕೆಳಗಿದ್ದ ಡಿಸ್ಕಿನಲ್ಲಿ. ಇನ್ನೊಂದು ಡಿಸ್ಕ್ ಕೃಷ್ಣಗಿರಿಯಲ್ಲಿ, ನನ್ನ ತಮ್ಮ ಗೋಪಿಯ ಮನೆಯಲ್ಲಿ. ಒಂದೇ ಮನೆಯಲ್ಲಿ ಎಷ್ಟು ಪ್ರತಿ ಇದ್ದರೂ ಬೆಂಕಿ ಬಿದ್ದರೆ ಒಂದೇ ಲೆಕ್ಕ ಅನ್ನುತ್ತಿದ್ದ. ಗೋಪಿಗೆ ಇದೆಲ್ಲ ತಮಾಷೆ — ನಿನ್ನ ಮಗ ನಮ್ಮ ಮನೆಯನ್ನ ಬ್ಯಾಂಕ್ ಲಾಕರ್ ಮಾಡಿಬಿಟ್ಟ ಕಣಕ್ಕ, ಬಾಡಿಗೆ ಕೊಡಿಸು ಅಂತ ಪ್ರತಿ ಹಬ್ಬಕ್ಕೂ ಹೇಳುವನು.

ನನಗೂ ಕಲಿಸಿದ. ಕಾನ್ವೆಂಟಿನಲ್ಲಿ ಓದಿ, ನರ್ಸರಿ ಮಕ್ಕಳಿಗೆ ಇಂಗ್ಲಿಷ್ ರೈಮ್ಸ್ ಹೇಳಿಕೊಟ್ಟು ರಿಟೈರ್ ಆದ ನನಗೆ ಕಂಪ್ಯೂಟರ್ ಅಂದರೆ ಭಯ. ಪಕ್ಕದಲ್ಲಿ ಕೂತು, ನನ್ನ ಕೈ ಮೇಲೆ ಕೈಯಿಟ್ಟು ಮೌಸ್ ನಡೆಸಿದ. ಹಾಗೇ ವೈರ್ ಎಳೀಬೇಡಮ್ಮ, ಸೇಫ್ಲಿ ರಿಮೂವ್ ಕೊಟ್ಟು ಎಳಿ — ಅದನ್ನು ಅವನು ಎಷ್ಟು ಸಲ ಹೇಳಿದನೋ. ಅವನ ವೀಕ್ಲಿ ಆಫ್ ಭಾನುವಾರ ಬಂದಾಗ ಇಬ್ಬರೂ ಕಾಫಿ ಹಿಡಿದು ಬ್ಯಾಕಪ್‌ಗೆ ಕೂರುತ್ತಿದ್ದೆವು. ತಿಂಗಳಿಗೊಮ್ಮೆ ಕೃಷ್ಣಗಿರಿಗೂ ಹೋಗಿಬರುತ್ತಿದ್ದ. ಇಷ್ಟು ಶ್ರದ್ಧೆ ಯಾಕೆ ಅಂತ ನಾನು ಕೇಳಲಿಲ್ಲ. ತಂದೆಯ ನೆನಪಿಗೆ ಅಂದುಕೊಂಡಿದ್ದೆ.

ಡೆಂಗ್ಯೂ ಜ್ವರ ಅವನನ್ನು ಒಂದು ವಾರದೊಳಗೆ ತೆಗೆದುಕೊಂಡುಹೋಯಿತು. ಅದರ ಬಗ್ಗೆ ಬರೆಯುವುದಿಲ್ಲ — ಆಗುವುದಿಲ್ಲ. ಅವನ ಫೋನಿನ ಲಾಕ್ ನಂಬರ್ ನಮಗೆ ಯಾರಿಗೂ ಗೊತ್ತಿರಲಿಲ್ಲ. ಅದು ಹಾಗೇ ಸತ್ತುಹೋಯಿತು. ಕರ್ಮಾಂತರವೆಲ್ಲ ಮುಗಿದು ನೆಂಟರು ಹೊರಟ ಮೇಲೆ ಒಂದು ಭಾನುವಾರ ಬಂತು. ಏನು ಮಾಡಬೇಕೋ ತಿಳಿಯದೆ ಬ್ಯಾಕಪ್‌ಗೆ ಕೂತೆ. ಡಿಸ್ಕ್ ತೆಗೆಯುವ ಮೊದಲೇ, ಜಾಗ ಸಾಲದು ಅಂದಿತು ಕಂಪ್ಯೂಟರ್. ಬೇಡದ್ದನ್ನು ತೆಗೆಯೋಣ ಅಂತ ಹುಡುಕಿದಾಗ ‘ಸರ್ವೀಸ್ ಮ್ಯಾನ್ಯುಯಲ್ಸ್’ ಅನ್ನುವ ಫೋಲ್ಡರ್ ಕಂಡಿತು. ಫ್ಯಾಕ್ಟರಿಯದ್ದು, ಇನ್ನು ಯಾರಿಗೆ ಬೇಕು ಅಂತ ತೆರೆದೆ.

ಒಂದು ಹುಡುಗಿ. ಫ್ಯಾಕ್ಟರಿಯ ನೀಲಿ ಕೋಟು, ತಲೆಯಲ್ಲಿ ಕನಕಾಂಬರ. ಕೃಷ್ಣಗಿರಿ ಡ್ಯಾಮಿನ ಪಾರ್ಕಿನಲ್ಲಿ ಇಬ್ಬರೂ. ಅಂಚೆಟ್ಟಿ ಕಡೆಯ ಯಾವುದೋ ಬಂಡೆಯ ಮೇಲೆ ಇಬ್ಬರೂ, ಗಾಳಿಗೆ ಅವಳ ದಾವಣಿ ಅವನ ಮುಖದ ಮೇಲೆ. ಒಂದು ವಿಡಿಯೋ ಇತ್ತು — ಅವಳು ರಾಗಿ ಮುದ್ದೆ ಮುರಿದು ತಿನ್ನಿಸಲು ಬರುತ್ತಾಳೆ, ಅವನು ತಪ್ಪಿಸಿಕೊಳ್ಳುತ್ತಾ, ‘ಬುಡೇ, ನಾನೇ ತಿಂತೀನಿ ಕಣೇ’ ಅಂತ ನಗುತ್ತಾನೆ.

ಆ ಮಾತು ನನ್ನನ್ನು ಚುಚ್ಚಿತು. ‘ಐತೆ’ ಅಂದರೆ ‘ಇದೆ’ ಅನ್ನು, ‘ಬತ್ತೀನಿ’ ಅಂದರೆ ‘ಬರ್ತೀನಿ’ ಅನ್ನು ಅಂತ ತಿದ್ದಿ ತಿದ್ದಿ ಬೆಳೆಸಿದ ಮಗ. ನಮ್ಮನೆಯಲ್ಲಿ ಅವನು ಹಾಗೆ ಒಂದು ದಿನ ಮಾತಾಡಿದವನಲ್ಲ. ಹಾಗೆ ನಕ್ಕವನೂ ಅಲ್ಲ.

ಆಗ ನನಗೆ ನಾನು ಹೇಳಿಕೊಂಡ ಕಾರಣಗಳು ಬಹಳ ರೆಸ್ಪೆಕ್ಟಬಲ್ ಆಗಿದ್ದವು. ಯಾರದೋ ಮನೆಯ ಹೆಣ್ಣುಮಗು, ಇವೆಲ್ಲ ಯಾರ ಕಣ್ಣಿಗಾದರೂ ಬಿದ್ದರೆ ಅವಳ ಗತಿಯೇನು. ಅವಳ ಪ್ರೈವೆಸಿ. ಸತ್ತ ಮಗನ ಹೆಸರು. ಜಾತಿಯ ಮಾತನ್ನು ನಾಲಿಗೆಗೆ ತರಲಿಲ್ಲ, ಒಳಗೆ ಅದೂ ಇತ್ತು. ಆದರೆ ಎಲ್ಲಕ್ಕಿಂತ ಕೆಳಗೆ ಇದ್ದದ್ದು ಇಷ್ಟೇ — ಹೊಟ್ಟೆಕಿಚ್ಚು. ಅವನು ಹೋದ ಮೇಲಾದರೂ ಪೂರ್ತಿ ನನ್ನವನಾಗಿರಲಿ ಅನ್ನುವ ಆಸೆ.

ಕಂಪ್ಯೂಟರಿನಿಂದ ಅಳಿಸಿದೆ. ಆಮೇಲೆ ನೆನಪಾಯಿತು, ಬೀರುವಿನ ಡಿಸ್ಕಿನಲ್ಲೂ ಇರುತ್ತದೆ. ಒಂದು ಕಡೆ ಅಳಿಸಿದರೆ ಇನ್ನೊಂದು ಕಡೆ ತಾನಾಗಿ ಹೋಗುವುದಿಲ್ಲ — ಹಾಗೆ ಹೋಗಬಾರದೆಂದೇ ಅವನು ಈ ಏರ್ಪಾಡು ಮಾಡಿದ್ದ. ಸೀರೆಗಳನ್ನೆತ್ತಿ ಡಿಸ್ಕ್ ತೆಗೆದೆ, ವೈರು ಚುಚ್ಚಿದೆ, ಅಲ್ಲೂ ಅಳಿಸಿದೆ. ಸೇಫ್ಲಿ ರಿಮೂವ್ ಕೊಟ್ಟೆ. ಒಂದೇ ಪ್ರತಿ ಇದ್ದಿದ್ದರೆ ಕೈ ತಪ್ಪಿತು ಅನ್ನಬಹುದಿತ್ತು. ಮೂರು ಪ್ರತಿ ಇರುವ ಮನೆಯಲ್ಲಿ ಯಾವುದೂ ಕೈ ತಪ್ಪಿ ಹೋಗುವುದಿಲ್ಲ.

ಕೃಷ್ಣಗಿರಿಯದು ಉಳಿಯಿತು. ಅಷ್ಟು ದೂರ ಯಾರು ಹೋಗುತ್ತಾರೆ ಅಂದುಕೊಂಡೆ. ನನ್ನೊಳಗೆ ಎಲ್ಲೋ ಒಂದು ಚೂರು ಮನುಷ್ಯತ್ವ ಉಳಿದಿತ್ತು, ಅದಕ್ಕೇ ಬಿಟ್ಟೆ ಅಂತ ಬರೆಯಲು ಈಗ ಆಸೆಯಾಗುತ್ತದೆ. ಹಾಗಿತ್ತೋ ಏನೋ — ನನಗೆ ಗೊತ್ತಿಲ್ಲ.

ಸ್ವಲ್ಪ ದಿನಕ್ಕೆ ಅವಳು ಬಂದಳು. ಮಾದೇವಿ ಅನ್ನುತ್ತೇನೆ, ಅದು ಅವಳ ಹೆಸರಲ್ಲ. ಅಂಚೆಟ್ಟಿಯಾಚೆ ನಾಟ್ರಾಂಪಾಳ್ಯದ ಹುಡುಗಿ, ಹೊಸೂರಿನಲ್ಲಿ ಹಾಸ್ಟೆಲಿನಲ್ಲಿದ್ದುಕೊಂಡು ಅವನ ಫ್ಯಾಕ್ಟರಿಯಲ್ಲೇ ಕಾಂಟ್ರಾಕ್ಟ್ ಕೆಲಸ ಮಾಡುತ್ತಿದ್ದಳು. ಮಧ್ಯಾಹ್ನ, ಶಿಫ್ಟ್ ಬಿಟ್ಟ ಹೊತ್ತು. ಬಾಗಿಲಲ್ಲೇ ನಿಂತಳು. ಒಳಗೆ ಬಾ ಅಂದೆ. ಬಂದು, ಗೋಡೆಯ ಮೇಲೆ ಹಾರ ಹಾಕಿದ್ದ ಅವನ ಫೋಟೋ ಒಂದು ಸಲ ನೋಡಿ ತಲೆ ತಗ್ಗಿಸಿದಳು. ಜೊತೆಯಲ್ಲಿ ಕೆಲಸ ಮಾಡುತ್ತಿದ್ದೆವು ಅಂದಳು. ನೀರು ಕೊಟ್ಟೆ. ಲೋಟವನ್ನು ಎರಡೂ ಕೈಯಲ್ಲಿ ಹಿಡಿದುಕೊಂಡು, ನನ್ನ ಕಾಲ ಬೆರಳುಗಳನ್ನು ನೋಡುತ್ತಾ ಹೇಳಿದಳು — ಅವಳು ಊರಿಗೆ ಹೋದಾಗಲೆಲ್ಲ ಅಣ್ಣಂದಿರು ಫೋನು ಕಿತ್ತು ನೋಡುತ್ತಿದ್ದರಂತೆ. ಅದಕ್ಕೆ ಪ್ರತಿ ಸಲ ಫೋಟೋಗಳನ್ನು ಇವನಿಗೆ ಕಳಿಸಿ, ತನ್ನ ಫೋನಿನಿಂದ ತೆಗೆದುಬಿಡುತ್ತಿದ್ದಳಂತೆ. ಇವನ ಹತ್ತಿರ ಇದ್ದರೆ ಭದ್ರ ಅಂತ.

‘ಒಂದೇ ಒಂದು ಇದ್ರೆ ಸಾಕು ಕಣಮ್ಮ. ಇಬ್ರೂ ಇರೋದು. ನಮ್ಮನೇಲಿ ಮೂರು ಕಡೆ ಮಡಗ್ತೀವಿ, ಏನೂ ಕಳ್ದೋಗಲ್ಲ ಅಂತಿದ್ರು.’

ಮೂರು ಕಡೆ. ಮನೆಯ ಒಳಗಿನ ಮಾತು ಅವಳ ಬಾಯಲ್ಲಿ. ನನಗೂ ಅವನಿಗೂ ಇಬ್ಬರಿಗೇ ಸೇರಿದ್ದು ಅಂದುಕೊಂಡಿದ್ದ ಆ ಭಾನುವಾರಗಳು ಅವಳಿಗಾಗಿ ನಡೆದಿದ್ದವು ಅನ್ನುವುದು ಆಗ ಹೊಳೆಯಿತು.

‘ಮೂರು ಕಡೆಯೂ ನೋಡಿದೀನಮ್ಮ,’ ಅಂದೆ. ‘ಅಂಥದ್ದೇನೂ ಅವನು ಇಟ್ಟಿರಲಿಲ್ಲ.’

ಎಷ್ಟು ಮೃದುವಾಗಿ ಹೇಳಿದೆ ಅಂದರೆ — ಕ್ಲಾಸಿನಲ್ಲಿ ಸೋತ ಮಗುವಿಗೆ ಹೇಳುವ ದನಿ. ಅವಳು ವಾದ ಮಾಡಲಿಲ್ಲ. ‘ಹಂಗಾದ್ರೆ ಅವ್ರೇ ತೆಗ್ದಿರ್ತಾರೆ ಬುಡಿ,’ ಅಂದು ಲೋಟ ತೊಳೆದು ಬೋರಲು ಹಾಕಿ ಹೋದಳು.

ನಾನು ಕಿತ್ತುಕೊಂಡದ್ದು ಬರೀ ಫೋಟೋ ಆಗಿರಲಿಲ್ಲ. ಸತ್ತವನು ಅವಳ ನೆನಪನ್ನು ಉಳಿಸಿಕೊಳ್ಳಲಿಲ್ಲ ಅಂತ ನಂಬಿಸಿ ಕಳಿಸಿದೆ ಆ ಹುಡುಗಿಯನ್ನು. ಅವನೋ — ತಿಂಗಳು ತಿಂಗಳೂ ಬೈಕ್ ಹತ್ತಿ ಕೃಷ್ಣಗಿರಿಗೆ ಹೋಗಿ ಇಟ್ಟುಬಂದಿದ್ದ.

ಮಾರನೆಯ ದಿನ ನಾನು ಕೃಷ್ಣಗಿರಿ ಬಸ್ ಹತ್ತಿದೆ. ಹೇಳಿದ ಸುಳ್ಳನ್ನು ನಿಜ ಮಾಡಲು. ಶೂಳಗಿರಿಯಲ್ಲಿ ಬಸ್ಸು ಬಹಳ ಹೊತ್ತು ನಿಂತಿತು. ಇಳಿದು ವಾಪಸು ಬರಬಹುದಿತ್ತು. ಕಿಟಕಿಯಲ್ಲಿ ಒಬ್ಬಳು ಸೌತೆಕಾಯಿ ಮಾರುತ್ತಿದ್ದಳು. ಕೊಂಡು ತಿಂದೆ. ಅದು ರುಚಿಯಾಗಿತ್ತು — ಇದು ಯಾಕೋ ಮರೆಯುವುದಿಲ್ಲ.

ಗೋಪಿ ಬಾಗಿಲಲ್ಲೇ, ಏನಕ್ಕ, ಭಾನುವಾರ ಅಲ್ಲವಲ್ಲ ಅಂದ. ಡಿಸ್ಕಿನಲ್ಲಿ ಏನೋ ತೊಂದರೆ ಅಂದೆ. ಪಾಪ, ಅಕ್ಕ ಮಗನ ನೆನಪಿನಲ್ಲಿ ಒದ್ದಾಡುತ್ತಿದ್ದಾಳೆ ಅಂದುಕೊಂಡು, ಡಿಸ್ಕ್ ತಂದುಕೊಟ್ಟು, ತನ್ನ ಕಂಪ್ಯೂಟರ್ ಇದ್ದ ರೂಮಿನ ಬಾಗಿಲು ಮುಂದೆ ಮಾಡಿ ಹೋದ. ಆವತ್ತು ಮೊದಲ ಬಾರಿ ಆ ಫೋಲ್ಡರನ್ನು ಕೊನೆಯವರೆಗೂ ನೋಡಿದೆ. ಹಿಂದೆ ಅರ್ಧಕ್ಕೇ ಅಳಿಸಿದ್ದೆ. ಕೊನೆಯಲ್ಲಿ ನನ್ನ ಫೋಟೋ ಒಂದಿತ್ತು — ಅಂಗಳದಲ್ಲಿ ಹೂವು ಕಟ್ಟುತ್ತಿದ್ದ ನಾನು, ಅವನು ಕದ್ದು ತೆಗೆದದ್ದು. ಅವಳಿಗೆ ತೋರಿಸಲು ಇಟ್ಟುಕೊಂಡಿದ್ದನೇನೋ. ತಮ್ಮಿಬ್ಬರ ಜೊತೆ ಅವನು ನನ್ನನ್ನೂ ಇಟ್ಟಿದ್ದ.

ಶಾಶ್ವತವಾಗಿ ಅಳಿಸಬೇಕೇ ಅಂತ ಪರದೆಯ ಮೇಲೆ ಇಂಗ್ಲಿಷಿನಲ್ಲಿ ಕೇಳಿತು. ನನಗೆ ಇಂಗ್ಲಿಷ್ ಚೆನ್ನಾಗಿ ಬರುತ್ತದೆ. ಯೆಸ್ ಒತ್ತಿದೆ. ಆಮೇಲೆ ಆ ಜಾಗ ತುಂಬುವವರೆಗೂ ಬೇರೆ ಏನೇನೋ ಸುರಿದೆ — ಹಾಗೆ ಮಾಡಿದರೆ ಅಳಿಸಿದ್ದು ಮತ್ತೆ ಸಿಗುವುದಿಲ್ಲ ಅಂತ ಹೇಳಿಕೊಟ್ಟಿದ್ದವನೂ ಅವನೇ.

ನಮ್ಮ ಕಾನ್ವೆಂಟಿನ ಸಿಸ್ಟರ್ ಒಬ್ಬರು, ಮಾಡಿದ ಪಾಪಕ್ಕಿಂತ ಆಲೋಚಿಸಿ ಮಾಡಿದ ಪಾಪ ದೊಡ್ಡದು ಅನ್ನುತ್ತಿದ್ದರು. ನನ್ನದು ಒಂದು ಸಲ ಆಲೋಚಿಸಿದ್ದಲ್ಲ. ಒಂದಾದ ಮೇಲೊಂದು, ಬಸ್ ಚಾರ್ಜ್ ಕೊಟ್ಟು ಮಾಡಿದ್ದು. ಆಮೇಲಾಮೇಲೆ ಮನಸ್ಸು ತಡೆಯದೆ ಕಂಪ್ಯೂಟರನ್ನೂ ಎರಡೂ ಡಿಸ್ಕುಗಳನ್ನೂ ಅಂಗಡಿಗೆ ಕೊಂಡೊಯ್ದೆ. ಎಲ್ಲದರ ಮೇಲೂ ಹೊಸದು ಬರೆದುಬಿಟ್ಟಿದೀರಾ ಅಮ್ಮಾ, ಹಳೇದು ಏನೂ ಬರಲ್ಲ ಅಂದರು. ಈಗಲೂ ಬ್ಯಾಕಪ್ ಮಾಡುತ್ತೇನೆ. ಮುಗಿದಾಗ ‘ಕಂಪ್ಲೀಟ್’ ಅಂತ ಬರುತ್ತದೆ. ನಾನು ಆ ಪದವನ್ನು ನೋಡದೆ ಪರದೆ ಮುಚ್ಚುತ್ತೇನೆ.

ಅವಳನ್ನು ಕೊನೆಯ ಸಲ ನೋಡಿದ್ದು ಹೊಸೂರು ಬಸ್ ಸ್ಟ್ಯಾಂಡಿನಲ್ಲಿ. ಅಷ್ಟು ಹೊತ್ತಿಗೆ ವರ್ಷಗಳು ಕಳೆದಿದ್ದವು. ಕತ್ತಿನಲ್ಲಿ ತಾಳಿ, ಕೈಯಲ್ಲಿ ದಿನಸಿಯ ಚೀಲ. ನಾನು ಮುಖ ತಿರುಗಿಸುವ ಮೊದಲೇ ಅವಳು ಹತ್ತಿರ ಬಂದಳು. ಚೆಂದಾಗಿದೀರಾಮ್ಮ ಅಂದಳು. ಹೂಂ ಅಂದೆ. ಮದುವೆಯಾಯಿತು, ಫ್ಯಾಕ್ಟರಿ ಬಿಟ್ಟೆ, ಈಗ ಊರಲ್ಲೇ ಅಂದಳು. ಅಂಚೆಟ್ಟಿ ಬಸ್ಸು ಬಂದು ನಿಂತಿತು. ಜನ ನುಗ್ಗುತ್ತಿದ್ದರು, ಅವಳು ಹತ್ತಲಿಲ್ಲ.

‘ಅಮ್ಮಾ, ಒಸಿ ಹಂಗೇ ನಿಂತ್ಕಳಿ,’ ಅಂದಳು. ‘ಅವ್ರ ಮಕ ಈಗ ಸರ್ಯಾಗಿ ಗ್ಯಾಪಕಕ್ಕೇ ಬರಲ್ಲ. ನಿಮ್ಮನ್ನ ನೋಡಿದ್ರೆ, ಕಣ್ಣತ್ರ, ಒಸಿ ಬತ್ತೈತೆ.’

ಹೇಳುವುದಿದ್ದರೆ ಅದೇ ಗಳಿಗೆ. ಬಾಯಿ ತೆರೆದೆ ಕೂಡ. ಆದರೆ ನಾನು ಮಾಡಿದ್ದು — ಕನ್ನಡಕ ತೆಗೆದದ್ದು, ಅಷ್ಟೇ. ಅವಳಿಗೆ ಕಣ್ಣು ಚೆನ್ನಾಗಿ ಕಾಣಲಿ ಅಂತ. ಕನ್ನಡಕವಿಲ್ಲದೆ ನನಗೆ ಎದುರಿನ ಮುಖ ಕಾಣುವುದಿಲ್ಲ. ಅವಳು ನೀಲಿಯದೊಂದು ಸೀರೆ ಮಾತ್ರವಾದಳು. ಎಷ್ಟು ಹೊತ್ತು ನೋಡಿದಳೋ. ಕಂಡಕ್ಟರ್ ಸೀಟಿ ಊದಿದ. ಬತ್ತೀನಮ್ಮ ಅಂದದ್ದು ಕೇಳಿಸಿತು. ಕನ್ನಡಕವನ್ನು ಸೆರಗಿನಲ್ಲಿ ಒರೆಸಿ ಹಾಕಿಕೊಳ್ಳುವಷ್ಟರಲ್ಲಿ ಬಸ್ಸು ತಿರುವಿನಲ್ಲಿತ್ತು. ಯಾವ ಕಿಟಕಿಯಲ್ಲಿ ಅವಳು ಕೂತಿದ್ದಳೋ, ನನಗೆ ಕಾಣಲಿಲ್ಲ.